ಭಾರಕ್ಕೊಂದು ದಾರಿ: ಕಟ್ಟಡಗಳ ಬಲ ಮತ್ತು ಸ್ಥಿರತೆಯನ್ನು ಕುರಿತು

(ನಮ್ಮ ದೇವಾಲಯದ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಪಾಠ)



ಶತಮಾನೋತ್ಸವದ ಈ ಸಂಭ್ರಮದಲ್ಲಿ ನಮ್ಮ ಹಿರಿಯರ ಭಕ್ತಿಯನ್ನೂ ತ್ಯಾಗವನ್ನೂ ಕುರಿತು ಅನೇಕ ಮಹನೀಯರು ಈಗಾಗಲೇ ಮಾತನಾಡಿದ್ದಾರೆ. ಕಟ್ಟಡಶಾಸ್ತ್ರವನ್ನು ಕಲಿತು, ಹಲವು ವರ್ಷ ಅದನ್ನೇ ಕಲಿಸಿಕೊಂಡು ಬಂದ ನಮಗೆ ಅಂಥ ವಾಗ್ಮಿತೆ ಇಲ್ಲ. ಆದುದರಿಂದ ನಮ್ಮ ಪಾಲಿಗೆ ಬಂದ ಈ ಅಲ್ಪ ಸಮಯದಲ್ಲಿ, ಆ ಹಿರಿಯರು ಎಬ್ಬಿಸಿದ ಗೋಡೆಗಳನ್ನೂ ಕಮಾನುಗಳನ್ನೂ ಮಾಡನ್ನೂ ಕುರಿತು ನಾಲ್ಕು ಮಾತು ಹೇಳಲು ಅಪ್ಪಣೆ ಬೇಡುತ್ತೇವೆ.

ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ಬಲಿಪೀಠದ ಮುಂದಿನ ದೊಡ್ಡ ಕಮಾನಿನ ನೆತ್ತಿಯಿಂದ ಮೇಲಕ್ಕೆ ಹೊರಟಿರುವ ಬಿರುಕನ್ನು ನಾವೆಲ್ಲರೂ ಬಲ್ಲೆವು. ಭಾನುವಾರದ ಬಲಿಪೂಜೆಯಲ್ಲಿ ನಮ್ಮ ಕಣ್ಣುಗಳು ಬಲಿಪೀಠದಿಂದ ಆ ಬಿರುಕಿನ ಕಡೆಗೆ ಎಷ್ಟು ಸಲ ಜಾರಿವೆ ಎಂಬುದನ್ನು ಒಪ್ಪಿಕೊಂಡರೆ ತಪ್ಪಾಗಲಾರದು. ಅದನ್ನು ಕುರಿತು ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. “ಹಳೆಯ ಕಟ್ಟಡಕ್ಕೆ ಆಯುಷ್ಯ ಮುಗಿಯಿತು, ಕೆಡವಿ ಕಾಂಕ್ರೀಟಿನ ಹೊಸ ದೇವಾಲಯ ಕಟ್ಟೋಣ” ಎಂಬುದು ಒಂದು. “ನೂರು ವರ್ಷ ನಿಂತದ್ದು ಇನ್ನು ನೂರು ವರ್ಷ ನಿಲ್ಲುತ್ತದೆ, ಸಿಮೆಂಟು ತುಂಬಿ ಬಣ್ಣ ಬಳಿದರಾಯಿತು” ಎಂಬುದು ಇನ್ನೊಂದು. ಎರಡೂ ದೇವಾಲಯದ ಮೇಲಿನ ಪ್ರೀತಿಯಿಂದಲೇ ಹುಟ್ಟಿದ ಮಾತುಗಳು. ಆದರೆ ಎರಡರಲ್ಲಿಯೂ ಒಂದು ಕೊರತೆಯಿದೆ. ಬಿರುಕು ಏನು ಹೇಳುತ್ತಿದೆ ಎಂದು ಅದನ್ನೇ ಕೇಳಿದವರು ಯಾರೂ ಇಲ್ಲ. ಇಂದು ಈ ವೇದಿಕೆಯಿಂದ ತೀರ್ಪು ಕೊಡಲು ನಾವು ಬಂದಿಲ್ಲ. ತೀರ್ಪಿಗೆ ಮುಂಚೆ ತಿಳಿದಿರಬೇಕಾದ ಸಂಗತಿಗಳನ್ನು ನಿಮ್ಮ ಮುಂದಿಡುವುದಷ್ಟೇ ನಮ್ಮ ಉದ್ದೇಶ.

ಕಟ್ಟಡವೆಂಬುದು ನಿಶ್ಚಲವಾಗಿ ನಿಂತಿರುವ ವಸ್ತುವೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಹಗಲಿರುಳು ದುಡಿಯುತ್ತಿರುತ್ತದೆ. ನಮ್ಮ ತಲೆಯ ಮೇಲಿನ ಒಂದು ಮಂಗಳೂರು ಹಂಚನ್ನೇ ತೆಗೆದುಕೊಳ್ಳೋಣ. ಅದರ ತೂಕ ಎರಡರಿಂದ ಮೂರು ಕಿಲೋ. ಆರು ಸಾವಿರ ಹಂಚುಗಳ ಮಾಡೆಂದರೆ ಹದಿನೈದು ಟನ್ನುಗಳ ಭಾರ ನಮ್ಮ ತಲೆಯ ಮೇಲಿದೆ ಎಂದಾಯಿತು. ಮಳೆಗಾಲದಲ್ಲಿ ನೀರು ಹೀರಿ ಅದು ಇನ್ನೂ ಹೆಚ್ಚು ತೂಗುತ್ತದೆ. ಈ ಭಾರ ಹಂಚಿನಿಂದ ರೀಪಿಗೆ, ರೀಪಿನಿಂದ ಪಕ್ಕಾಸಿಗೆ, ಪಕ್ಕಾಸಿನಿಂದ ಗೋಡೆಗೆ, ಗೋಡೆಯಿಂದ ಪಂಚಾಂಗಕ್ಕೆ, ಪಂಚಾಂಗದಿಂದ ನೆಲಕ್ಕೆ ಇಳಿಯುತ್ತದೆ. ಗುಡ್ಡದ ಮೇಲೆ ಬಿದ್ದ ಮಳೆನೀರು ಹೇಗಾದರೂ ಹೊಳೆಯನ್ನು ಸೇರಬಯಸುವಂತೆ, ಕಟ್ಟಡದ ಮೇಲೆ ಬಿದ್ದ ಭಾರ ಭೂಮಿಯನ್ನು ಸೇರಬಯಸುತ್ತದೆ. ಕಟ್ಟುವವನ ವಿದ್ಯೆಯೆಲ್ಲ ಆ ಭಾರಕ್ಕೆ ಅಡಚಣೆಯಿಲ್ಲದ ದಾರಿಯನ್ನು ಮಾಡಿಕೊಡುವುದರಲ್ಲಿದೆ. ಭಾರವಿಲ್ಲದ ಕಟ್ಟಡ ಲೋಕದಲ್ಲಿಲ್ಲ. ಭಾರಕ್ಕೆ ದಾರಿಯಿಲ್ಲದ ಕಟ್ಟಡ ಬಹುಕಾಲ ನಿಲ್ಲುವುದಿಲ್ಲ. ಇಂದಿನ ನಮ್ಮ ಮಾತಿನ ಸಾರವೆಲ್ಲ ಇಷ್ಟೇ.

ಈ ಭಾರಗಳೂ ಒಂದೇ ಬಗೆಯವಲ್ಲ. ಕಲ್ಲು, ಮರ, ಹಂಚುಗಳ ಸ್ವಂತ ತೂಕ ಸದಾ ಇರುವಂಥದು. ವಾರ್ಷಿಕ ಹಬ್ಬದ ದಿನ ಗಾಯಕರ ಅಟ್ಟದ ಮೇಲೆ ಐವತ್ತು ಮಂದಿ ಏರಿದರೆ ಮೂರು ಟನ್ನುಗಳಷ್ಟು ಭಾರ ಬಂದು ಹೋಗುತ್ತದೆ. ಇವೆರಡೂ ಕೆಳಮುಖವಾದವು. ಗಾಳಿಯೋ ಪಕ್ಕದಿಂದ ನೂಕುತ್ತದೆ, ಕೆಲವೊಮ್ಮೆ ಮಾಡನ್ನು ಮೇಲಕ್ಕೆ ಹೀರುತ್ತದೆ. ಮಂಗಳೂರಿನ ಪ್ರದೇಶದಲ್ಲಿ ಲೆಕ್ಕಕ್ಕೆ ಹಿಡಿಯಬೇಕಾದ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್ ಎಂದು ಭಾರತೀಯ ಮಾನಕ ಸಂಹಿತೆ ಹೇಳುತ್ತದೆ. ಆ ವೇಗದಲ್ಲಿ ಬೀಸುವ ಗಾಳಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 93 ಕಿಲೋ ತೂಕದಷ್ಟು ಒತ್ತುತ್ತದೆ. ಹತ್ತು ಮೀಟರ್ ಅಗಲ, ಹನ್ನೆರಡು ಮೀಟರ್ ಎತ್ತರದ ಮುಖಗೋಡೆಯ ಮೇಲೆ ಅದು ಹನ್ನೊಂದು ಟನ್ನುಗಳ ನೂಕು. ಗಾಳಿಯ ವೇಗ ಇಮ್ಮಡಿಯಾದರೆ ನೂಕು ನಾಲ್ಕು ಮಡಿಯಾಗುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಇವುಗಳ ಜೊತೆಗೆ ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವುದು, ತಳದ ಮಣ್ಣು ಕುಸಿಯುವುದು, ಅಪರೂಪಕ್ಕೆ ಭೂಮಿಯೇ ನಡುಗುವುದು, ಇವೂ ಕಟ್ಟಡವನ್ನು ಪರೀಕ್ಷಿಸುವ ಬಲಗಳೇ.

ಬಲ ಬಂದಾಗ ವಸ್ತು ಅದನ್ನು ಕೆಲವು ಬಗೆಗಳಲ್ಲಿ ಅನುಭವಿಸುತ್ತದೆ. ಕಂಬದಂತೆ ಅದುಮಿಸಿಕೊಳ್ಳುವುದು ಒತ್ತಡ. ಬಾವಿಯ ಹಗ್ಗದಂತೆ ಎಳೆಸಿಕೊಳ್ಳುವುದು ಎಳೆತ. ತೊಲೆ ಬಾಗಿದಾಗ ಎರಡೂ ಒಂದರಲ್ಲೇ ಸೇರುತ್ತವೆ. ಮೇಲ್ಭಾಗ ಒತ್ತಲ್ಪಡುತ್ತದೆ, ಕೆಳಭಾಗ ಎಳೆಯಲ್ಪಡುತ್ತದೆ. ನಮ್ಮ ಬಡಗಿಗಳು ತೊಲೆಯನ್ನು ಅಡ್ಡಡ್ಡವಾಗಿ ಮಲಗಿಸದೆ ನಿಲುವಾಗಿ ಇಡುವುದು ಇದನ್ನು ಅನುಭವದಿಂದ ಅರಿತೇ. ಹತ್ತು ಸೆಂಟಿಮೀಟರ್ ಅಗಲ, ಇಪ್ಪತ್ತು ಸೆಂಟಿಮೀಟರ್ ದಪ್ಪದ ತೊಲೆಯನ್ನು ನಿಲುವಾಗಿ ಇಟ್ಟರೆ, ಮಲಗಿಸಿ ಇಟ್ಟುದಕ್ಕಿಂತ ಎರಡರಷ್ಟು ಭಾರ ಹೊರುತ್ತದೆ. ಅದೇ ಭಾರಕ್ಕೆ ಅದು ಬಾಗುವುದು ಕಾಲು ಭಾಗ ಮಾತ್ರ. ಮರ ಅದೇ, ತೂಕ ಅದೇ. ಇಟ್ಟ ರೀತಿ ಬೇರೆ.

ಮರವೂ ಕಬ್ಬಿಣವೂ ಒತ್ತಡ, ಎಳೆತ ಎರಡನ್ನೂ ತಾಳಬಲ್ಲವು. ಕಲ್ಲು ಹಾಗಲ್ಲ. ಒತ್ತಿದರೆ ಅದು ವೀರ, ಎಳೆದರೆ ದುರ್ಬಲ. ಸುಣ್ಣದ ಗಾರೆಯಿಂದ ಕೂಡಿಸಿದ ಮುರಕಲ್ಲಿನ ಗೋಡೆಯಂತೂ ಎಳೆತಕ್ಕೆ ಬಹುಬೇಗ ಬಾಯಿಬಿಡುತ್ತದೆ. ಆದುದರಿಂದ ಕಲ್ಲಿನ ಕಟ್ಟಡದಲ್ಲಿ ಎಲ್ಲಿ ಬಿರುಕು ಕಾಣಿಸಿತೋ ಅಲ್ಲಿ, ಬಿರುಕಿಗೆ ಅಡ್ಡಲಾಗಿ, ಯಾವುದೋ ಬಲ ಎಳೆದಿದೆ ಎಂದು ಓದಬೇಕು. ಬಿರುಕಿನ ಲಿಪಿಯ ಮೊದಲ ಅಕ್ಷರ ಇದು.

ಇಲ್ಲಿ ಬಲ ಮತ್ತು ಸ್ಥಿರತೆ ಎಂಬ ಎರಡು ಮಾತುಗಳನ್ನು ಬೇರ್ಪಡಿಸಿ ತಿಳಿಯುವುದು ಅಗತ್ಯ. ಉತ್ತಮ ಕಗ್ಗಲ್ಲಿನ ಕಂಬವೊಂದನ್ನು ನೆಟ್ಟಗೆ ಎತ್ತರಿಸುತ್ತ ಹೋದರೆ, ತನ್ನ ತೂಕಕ್ಕೆ ತಾನೇ ಬುಡದಲ್ಲಿ ಪುಡಿಯಾಗಲು ಅದು ಮೂರು ಕಿಲೋಮೀಟರಿಗೂ ಮಿಗಿಲಾಗಿ ಬೆಳೆಯಬೇಕಾದೀತು. ಜಗತ್ತಿನ ಯಾವ ದೇವಾಲಯದ ಗೋಪುರವೂ ಅದರ ಹತ್ತಿರಕ್ಕೂ ಬಂದಿಲ್ಲ. ಹಾಗಾದರೆ ಕಲ್ಲಿನ ಕಟ್ಟಡಗಳು ಏಕೆ ಬೀಳುತ್ತವೆ? ಕಲ್ಲು ಸೋತು ಬೀಳುವುದು ಕಡಿಮೆ. ಭಾರ ದಾರಿ ತಪ್ಪಿ ಬೀಳುವುದೇ ಹೆಚ್ಚು. ತಲೆಯ ಮೇಲೆ ಕೊಡ ಹೊತ್ತ ಹೆಂಗಸು ಕೊಡದ ಭಾರಕ್ಕೆ ಬೀಳುವುದಿಲ್ಲ, ಕೊಡ ಪಾದಗಳ ನೇರದಿಂದ ಆಚೆಗೆ ವಾಲಿದರೆ ಮಾತ್ರ ತೂಕ ತಪ್ಪುತ್ತಾಳೆ. ಗೋಡೆಯ ಮಾತೂ ಹಾಗೆಯೇ. ಗೋಡೆಯ ದಪ್ಪವನ್ನು ಮನಸ್ಸಿನಲ್ಲಿ ಮೂರು ಪಾಲು ಮಾಡಿ. ಮೇಲಿನಿಂದ ಇಳಿಯುವ ಭಾರದ ದಾರಿ ನಡುವಿನ ಪಾಲಿನಲ್ಲಿ ಸಾಗುವಷ್ಟು ಕಾಲ ಗೋಡೆಯೆಲ್ಲ ಒತ್ತಡದಲ್ಲಿಯೇ ಇರುತ್ತದೆ. ಅದು ಹೊರಪಾಲಿಗೆ ಸರಿದರೆ ಎದುರಿನ ಮುಖ ಬಾಯಿಬಿಡತೊಡಗುತ್ತದೆ. ಗೋಡೆಯ ಅಂಚನ್ನೇ ದಾಟಿತೆಂದರೆ ಗೋಡೆ ಉರುಳುತ್ತದೆ. ಬಲವೆಂಬುದು ವಸ್ತುವಿನ ಗುಣ, ಸ್ಥಿರತೆಯೆಂಬುದು ಆಕಾರದ ಮತ್ತು ಸ್ಥಾನದ ಗುಣ. ಒಂದಿದ್ದು ಇನ್ನೊಂದಿಲ್ಲದಿದ್ದರೆ ಪ್ರಯೋಜನವಿಲ್ಲ.

ಭಾರದ ದಾರಿಯನ್ನು ಹೊರಕ್ಕೆ ಸರಿಸುವ ಮುಖ್ಯ ಕಾರಣ ಪಕ್ಕದ ನೂಕು. ಇಳಿಜಾರಾದ ಎರಡು ಪಕ್ಕಾಸುಗಳು ನೆತ್ತಿಯಲ್ಲಿ ಕೂಡಿ ನಿಂತಾಗ ಅವುಗಳ ಪಾದಗಳು ಹೊರಕ್ಕೆ ಜಾರಬಯಸುತ್ತವೆ. ಎಂಟು ಮೀಟರ್ ಅಗಲದ ಹಾಲಿನ ಮೇಲೆ ಒಂದು ಜೊತೆ ಪಕ್ಕಾಸು ಒಂದು ಟನ್ ಭಾರ ಹೊತ್ತಿದೆಯೆನ್ನಿ. ಮಾಡಿನ ಎತ್ತರ ನಾಲ್ಕು ಮೀಟರಿದ್ದರೆ ಪ್ರತಿಯೊಂದು ಪಾದವೂ 250 ಕಿಲೋ ಬಲದಿಂದ ಗೋಡೆಯನ್ನು ಹೊರಕ್ಕೆ ನೂಕುತ್ತದೆ. ಎತ್ತರವನ್ನು ಎರಡು ಮೀಟರಿಗೆ ಇಳಿಸಿದರೆ ನೂಕು 500 ಕಿಲೋ ಆಗುತ್ತದೆ. ಇದನ್ನು ತಡೆಯಲೆಂದೇ ನಮ್ಮ ಹಿರಿಯರು ಗೋಡೆಯಿಂದ ಗೋಡೆಗೆ ಅಡ್ಡತೊಲೆಗಳನ್ನು ಹಾಕಿದರು. ಬಾಲ್ಯದಲ್ಲಿ ಹಂಚು ಸರಿಪಡಿಸಲು ಬಂದ ಮುದಿ ಬಡಗಿಯೊಬ್ಬರನ್ನು, “ಅಜ್ಜ, ಏನನ್ನೂ ಹೊರದ ಈ ಮರ ಯಾತಕ್ಕೆ?” ಎಂದು ಕೇಳಿದ್ದು ನಮಗೆ ಇಂದಿಗೂ ನೆನಪಿದೆ. “ಅದು ಎರಡು ಗೋಡೆಗಳ ಕೈ ಹಿಡಿದುಕೊಂಡಿದೆ ಮಗಾ, ಕೈ ಬಿಟ್ಟರೆ ಎರಡೂ ಬೆನ್ನು ಹಾಕಿ ಬೀಳುತ್ತವೆ” ಎಂದರು. ಕಾಲೇಜಿನಲ್ಲಿ ಮುಂದೆ ಕಲಿತ ಪಾಠಗಳು ಆ ಉತ್ತರಕ್ಕೆ ಲೆಕ್ಕವನ್ನು ಸೇರಿಸಿದವೇ ಹೊರತು ಅದನ್ನು ತಿದ್ದಲಿಲ್ಲ. ಹಲವು ವರ್ಷಗಳ ನಂತರ ಬೇರೊಂದು ಊರಿನಲ್ಲಿ, ಬಲಿಪೀಠ ಚೆನ್ನಾಗಿ ಕಾಣಲೆಂದು ಇಂಥ ಎರಡು ತೊಲೆಗಳನ್ನು ಕತ್ತರಿಸಿದ್ದ ಒಂದು ದೇವಾಲಯವನ್ನು ನಾವು ಕಂಡೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಗೋಡೆ ನಾಲ್ಕು ಬೆರಳಿನಷ್ಟು ಹೊರಕ್ಕೆ ವಾಲಿತ್ತು.

ಕಲ್ಲಿನ ಕಮಾನಿನಲ್ಲಿಯೂ ಇದೇ ನೂಕು. ಅದು ಹಗಲೂ ನೂಕುತ್ತದೆ, ರಾತ್ರಿಯೂ ನೂಕುತ್ತದೆ. ಎರಡು ಬದಿಯ ಆಸರೆಗಳು ಒಂದಿಷ್ಟು ಸರಿದರೆ ಕಮಾನು ನೆತ್ತಿಯಲ್ಲಿ ಕೆಳಗಿನಿಂದ ಬಿರಿಯುತ್ತದೆ, ಎರಡು ಹೆಗಲುಗಳಲ್ಲಿ ಮೇಲಿನಿಂದ ಬಿರಿಯುತ್ತದೆ. ಬಿರಿದ ಮೂರು ಜಾಗಗಳು ಬಾಗಿಲಿನ ಕೀಲುಗಳಂತೆ ಕೆಲಸ ಮಾಡತೊಡಗುತ್ತವೆ. ನೋಡಿದವರಿಗೆ ಗಾಬರಿಯಾಗುತ್ತದೆ. ಆದರೆ ಮೂರು ಕೀಲುಗಳ ಕಮಾನು ಬೀಳುವುದಿಲ್ಲ. ಹೊಸ ಸ್ಥಿತಿಗೆ ಮೈಯೊಗ್ಗಿಸಿಕೊಂಡು ಅದು ಶತಮಾನಗಳ ಕಾಲ ನಿಲ್ಲಬಲ್ಲುದು. ನಾಲ್ಕನೆಯ ಕೀಲು ಮೂಡಿದರೆ ಮಾತ್ರ ಅಪಾಯ. ಆದುದರಿಂದ ಬಿರುಕು ಕಂಡ ಕೂಡಲೇ ಮರಣಶಾಸನ ಬರೆಯಲಾಗದು. ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯದೆ ನಿಶ್ಚಿಂತರಾಗಿರಲೂ ಆಗದು.

ಈ ಎರಡು ಮಾತಿಗೂ ನಮ್ಮ ಸಭೆಯ ಚರಿತ್ರೆಯಲ್ಲಿಯೇ ಸಾಕ್ಷಿಗಳಿವೆ. ಮೊದಲನೆಯದು ಫ್ರಾನ್ಸ್ ದೇಶದ ಬೋವೆ ಪಟ್ಟಣದ ಪ್ರಧಾನಾಲಯ. ಎಲ್ಲ ದೇವಾಲಯಗಳಿಗಿಂತ ಎತ್ತರವಾಗಬೇಕೆಂಬ ಹಂಬಲದಿಂದ ಅದರ ಬಲಿಪೀಠದ ಭಾಗದ ಕಲ್ಲಿನ ಛಾವಣಿಯನ್ನು ಸುಮಾರು 48 ಮೀಟರ್ ಎತ್ತರಕ್ಕೆ ಏರಿಸಿದರು. 1272ರಲ್ಲಿ ಮುಗಿದ ಆ ಕೆಲಸ 1284ರಲ್ಲಿ ಕುಸಿಯಿತು. ಕಂಬಗಳ ನಡುವೆ ಹೊಸ ಕಂಬಗಳನ್ನು ನಿಲ್ಲಿಸಿ ಮತ್ತೆ ಕಟ್ಟಿದರು. ಮೂರು ಶತಮಾನಗಳ ನಂತರ, ಪಶ್ಚಿಮದ ಉದ್ದನೆಯ ಹಜಾರವನ್ನು ಕಟ್ಟುವುದಕ್ಕೂ ಮೊದಲೇ, ನಡುವಿನ ನಾಲ್ಕು ಕಂಬಗಳ ಮೇಲೆ 153 ಮೀಟರ್ ಎತ್ತರದ ಗೋಪುರವನ್ನು ಏರಿಸಿದರು. 1569ರಲ್ಲಿ ಅದು ಪೂರ್ಣವಾಯಿತು. ಮೂರು ದಿಕ್ಕುಗಳಲ್ಲಿ ಕಂಬಗಳಿಗೆ ಒತ್ತಾಸೆಯಿತ್ತು, ನಾಲ್ಕನೆಯ ದಿಕ್ಕು ಬರಿದಾಗಿತ್ತು. ಕಂಬಗಳು ಆ ಕಡೆಗೆ ವಾಲುತ್ತಿರುವುದನ್ನು 1571ರಲ್ಲಿಯೇ ಪರಿಶೀಲಿಸಿದ ಶಿಲ್ಪಿಗಳು ಕಂಡು ಎಚ್ಚರಿಸಿದ್ದರು. ಆದರೂ ಕೆಲಸ ಮುಂದೆ ಮುಂದೆ ಹೋಯಿತು. 1573ರ ಏಪ್ರಿಲ್ 30ರಂದು, ಪ್ರಭುವಿನ ಸ್ವರ್ಗಾರೋಹಣದ ಹಬ್ಬದ ದಿನ, ಗೋಪುರ ನೆಲಕ್ಕುರುಳಿತು. ಜನರು ಆಗಷ್ಟೇ ಹೊರಗೆ ಹೋಗಿದ್ದುದರಿಂದ ದೊಡ್ಡ ಅನಾಹುತ ತಪ್ಪಿತು. ಆ ಗೋಪುರ ಮತ್ತೆ ಏಳಲಿಲ್ಲ, ಆ ಹಜಾರವೂ ಆಗಲಿಲ್ಲ.

ಎರಡನೆಯ ಸಾಕ್ಷಿ ರೋಮಾಪುರಿಯ ಸಂತ ಪೇತ್ರರ ಮಹಾದೇವಾಲಯದ ಗುಮ್ಮಟ. 1506ರಲ್ಲಿ ಎರಡನೆಯ ಜೂಲಿಯಸ್ ಜಗದ್ಗುರುಗಳು ಆ ದೇವಾಲಯದ ಅಡಿಗಲ್ಲನ್ನಿಟ್ಟರು. ಗುಮ್ಮಟವನ್ನು ಕಲ್ಪಿಸಿದ ಮೈಕೆಲೆಂಜೆಲೊ 1564ರಲ್ಲಿ ತೀರಿಕೊಂಡ ಮೇಲೆ, ಜಾಕೊಮೊ ದೆಲ್ಲಾ ಪೋರ್ತಾ ಅದನ್ನು 1588ರಿಂದ 1590ರವರೆಗಿನ ಅವಧಿಯಲ್ಲಿ ಕಟ್ಟಿದರು. ಒಳಗಿನ ಅಡ್ಡಗಲ ಸುಮಾರು 42 ಮೀಟರ್. ಶಿಲುಬೆಯ ತುದಿ ನೆಲದಿಂದ 136 ಮೀಟರಿಗೂ ಮಿಗಿಲು. ನಮ್ಮ ನಾಡಿನಲ್ಲಿ ಇದಕ್ಕೆ ಹೋಲಿಸಬಹುದಾದುದೆಂದರೆ ವಿಜಯಪುರದ ಗೋಲಗುಮ್ಮಟ. ಅದರ ಒಳ ಅಡ್ಡಗಲ ಸುಮಾರು 38 ಮೀಟರ್. ಒಂದನ್ನೊಂದು ಹಾಯ್ದು ಒಳಕ್ಕೆ ವಾಲಿ ನಿಂತ ಎಂಟು ಕಮಾನುಗಳ ತೂಕ ಅಲ್ಲಿ ಗುಮ್ಮಟದ ಹೊರನೂಕಿಗೆ ಎದುರಾಗಿ ನಿಲ್ಲುತ್ತದೆ.

ಗುಮ್ಮಟವೆಂದರೆ ಎಲ್ಲ ದಿಕ್ಕಿಗೂ ತಿರುಗಿಸಿದ ಕಮಾನು. ಅದರ ಮೇಲ್ಭಾಗದಲ್ಲಿ ಕಲ್ಲುಗಳು ಒಂದನ್ನೊಂದು ಸುತ್ತಲಿಂದ ಒತ್ತಿ ಹಿಡಿದಿರುತ್ತವೆ. ಕೆಳಭಾಗದಲ್ಲಿ ಅವು ಹೊರಕ್ಕೆ ಹರಡಬಯಸುವುದರಿಂದ ಸುತ್ತಳತೆಯ ಉದ್ದಕ್ಕೂ ಎಳೆತ ಹುಟ್ಟುತ್ತದೆ. ಹಳೆಯ ಪೀಪಾಯಿಗೆ ಕಬ್ಬಿಣದ ಪಟ್ಟಿಯಿಲ್ಲದಿದ್ದರೆ ಹಲಗೆಗಳು ಬಿಚ್ಚಿಕೊಳ್ಳುವಂತೆ ಇದು. ಕಟ್ಟುವಾಗಲೇ ಕಬ್ಬಿಣದ ಸರಪಳಿಗಳನ್ನು ಒಳಗೆ ಹಾಕಿದ್ದರೂ ಅವು ಸಾಲದೆ, ಗುಮ್ಮಟ ಬುಡದಿಂದ ಮೇಲಕ್ಕೆ, ಕಿತ್ತಳೆಯ ತೊಳೆಗಳಂತೆ ಅಲ್ಲಲ್ಲಿ ಬಿರಿಯಿತು. ಹದಿನೆಂಟನೆಯ ಶತಮಾನದಲ್ಲಿ ಅದು ರೋಮಿನ ಜನರ ಬಾಯಲ್ಲೆಲ್ಲ ಆಡುವ ಮಾತಾಯಿತು. ನಮ್ಮ ಬಿರುಕಿನಂತೆಯೇ ಎನ್ನೋಣ.

ಆಗ ಪೀಠದಲ್ಲಿದ್ದವರು ಹದಿನಾಲ್ಕನೆಯ ಬೆನೆದಿಕ್ತರು. ಅವರು ಗುಮ್ಮಟವನ್ನು ಇಳಿಸಲೂ ಇಲ್ಲ, ಬಿರುಕಿಗೆ ಗಾರೆ ಮೆತ್ತಿಸಿ ಸುಮ್ಮನಾಗಲೂ ಇಲ್ಲ. 1742ರಲ್ಲಿ ಮೂವರು ಗಣಿತಜ್ಞರನ್ನು ಪರಿಶೀಲನೆಗೆ ನೇಮಿಸಿದರು. ಮೂವರೂ ಸನ್ಯಾಸಿಗಳು. ಲ ಸ್ಯೂರ್ ಮತ್ತು ಜಾಕಿಯೆ ಮಿನಿಮ್ ಸಭೆಯವರು, ನ್ಯೂಟನ್ನನ ಮಹಾಗ್ರಂಥಕ್ಕೆ ಟಿಪ್ಪಣಿ ಬರೆದವರು; ಬೊಸ್ಕೊವಿಚ್ ಯೇಸುಸಭೆಯವರು. ಅವರು ಪ್ರತಿಯೊಂದು ಬಿರುಕನ್ನೂ ಅಳೆದು, ನಕ್ಷೆಯಲ್ಲಿ ಗುರುತಿಸಿ, ಗುಮ್ಮಟದ ಹೊರನೂಕನ್ನು ಗಣಿತದಿಂದ ಲೆಕ್ಕ ಹಾಕಿದರು. ಗಣಿತಜ್ಞರಿಲ್ಲದೆ ಕಟ್ಟಿದ ಗುಮ್ಮಟಕ್ಕೆ ಗಣಿತಜ್ಞರ ಚಿಕಿತ್ಸೆ ಯಾಕೆ ಎಂದು ಗೇಲಿ ಮಾಡಿದವರೂ ಇದ್ದರು. ಜಗದ್ಗುರುಗಳು ಎರಡನೆಯ ಅಭಿಪ್ರಾಯಕ್ಕಾಗಿ ಪಾದುವಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಜೊವಾನ್ನಿ ಪೊಲೇನಿಯವರನ್ನು 1743ರಲ್ಲಿ ಕರೆಸಿಕೊಂಡರು.

ಪೊಲೇನಿಯವರು ಮಾಡಿದ ಪರೀಕ್ಷೆ ಎಷ್ಟು ಸರಳವೋ ಅಷ್ಟು ಆಳವಾದುದು. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲಿ ಒಂದು ತತ್ತ್ವವನ್ನು ಗುಪ್ತಲಿಪಿಯಲ್ಲಿ ಪ್ರಕಟಿಸಿದ್ದನು. ಎರಡು ತುದಿ ಹಿಡಿದು ಇಳಿಬಿಟ್ಟ ಸರಪಳಿ ಯಾವ ಆಕಾರದಲ್ಲಿ ತೂಗುತ್ತದೋ, ಅದನ್ನು ತಲೆಕೆಳಗು ಮಾಡಿದ ಆಕಾರದಲ್ಲಿ ಕಲ್ಲಿನ ಕಮಾನು ಸುಭದ್ರವಾಗಿ ನಿಲ್ಲುತ್ತದೆ ಎಂಬುದೇ ಅದರ ಭಾವ. ಸರಪಳಿಯಲ್ಲಿ ಬರೀ ಎಳೆತ. ತಲೆಕೆಳಗಾದಾಗ ಬರೀ ಒತ್ತಡ, ಕಲ್ಲಿಗೆ ಪ್ರಿಯವಾದದ್ದು. ಪೊಲೇನಿಯವರು ಗುಮ್ಮಟವನ್ನು ಕಾಗದದ ಮೇಲೆ ಐವತ್ತು ತೊಳೆಗಳಾಗಿ ಭಾಗಿಸಿದರು. ಒಂದು ತೊಳೆಯ ಭಾಗಗಳ ತೂಕಕ್ಕೆ ಅನುಗುಣವಾದ ಮೂವತ್ತೆರಡು ಗುಂಡುಗಳನ್ನು ದಾರದಲ್ಲಿ ಪೋಣಿಸಿ ಇಳಿಬಿಟ್ಟರು. ಆ ದಾರ ತಳೆದ ಆಕಾರವನ್ನು ತಿರುವಿ, ಗುಮ್ಮಟದ ನಕ್ಷೆಯ ಮೇಲೆ ಇಟ್ಟು ನೋಡಿದರು. ಅದು ಗುಮ್ಮಟದ ದಪ್ಪದೊಳಗೇ ಉಳಿದಿತ್ತು. ಅಂದರೆ ಬಿರಿದಿದ್ದರೂ ಗುಮ್ಮಟದೊಳಗೆ ಭಾರಕ್ಕೆ ಒಂದು ದಾರಿ ಇತ್ತು, ಅದು ಬೀಳುವಂತಿರಲಿಲ್ಲ. ಆದರೂ ಹರಡುವುದನ್ನು ತಡೆಯಲು ಸುತ್ತಲೂ ಐದು ಕಬ್ಬಿಣದ ಬಳೆಗಳನ್ನು ತೊಡಿಸಬೇಕೆಂದು ಅವರು ಹೇಳಿದರು. ಮೂವರು ಗಣಿತಜ್ಞರ ಸಲಹೆಯೂ ಬಳೆಗಳನ್ನು ತೊಡಿಸಬೇಕೆಂದೇ ಇತ್ತು. ಶಿಲ್ಪಿ ವಾನ್ವಿತೆಲ್ಲಿಯವರ ಮೇಲ್ವಿಚಾರಣೆಯಲ್ಲಿ ಕೆಲಸ ನಡೆಯಿತು. ಹಳೆಯ ಸರಪಳಿಗಳಲ್ಲಿ ಒಂದು ತುಂಡಾಗಿರುವುದು ತಿಳಿದುಬಂದಾಗ, 1748ರಲ್ಲಿ ಆರನೆಯ ಬಳೆಯನ್ನೂ ಸೇರಿಸಿದರು. ಆ ಗುಮ್ಮಟ ಇಂದಿಗೂ ನಿಂತಿದೆ.

ಬೋವೆಯಲ್ಲಿ ಎಚ್ಚರಿಕೆ ಸಿಕ್ಕಿತ್ತು, ಕೆಲಸ ಆಗಲಿಲ್ಲ. ರೋಮಿನಲ್ಲಿ ಎಚ್ಚರಿಕೆಯನ್ನು ಓದಿದರು, ಓದಿದ ಮೇಲೆ ಕೆಲಸವನ್ನೂ ಮಾಡಿದರು. ಎರಡರ ನಡುವಿನ ಅಂತರ ಇಷ್ಟೇ.

ಇನ್ನೊಂದು ಉದಾಹರಣೆಯನ್ನು ಹೇಳದೆ ಮುಂದೆ ಹೋಗಲಾರೆವು, ಏಕೆಂದರೆ ಅದು ನಮ್ಮ ಮಾಡಿಗೂ ಸಂಬಂಧಿಸಿದ್ದು. 1997ರ ಸೆಪ್ಟೆಂಬರ್ 26ರಂದು ಇಟಲಿಯ ಅಸ್ಸಿಸಿಯಲ್ಲಿ ಭೂಕಂಪವಾಯಿತು. ರಾತ್ರಿಯ ಮೊದಲ ಕಂಪನದ ಹಾನಿಯನ್ನು ಸಂತ ಫ್ರಾನ್ಸಿಸರ ಮಹಾದೇವಾಲಯದೊಳಗೆ ಪರಿಶೀಲಿಸುತ್ತಿದ್ದಾಗ ಎರಡನೆಯ ಕಂಪನ ಬಂದು ಛಾವಣಿಯ ಭಾಗಗಳು ಕುಸಿದವು. ಫ್ರಾನ್ಸಿಸ್ಕನ್ ಸಭೆಯ ಇಬ್ಬರು ಮತ್ತು ಇಬ್ಬರು ತಜ್ಞರು, ಒಟ್ಟು ನಾಲ್ವರು ಪ್ರಾಣ ಕಳೆದುಕೊಂಡರು. ಕಲ್ಲಿನ ಛಾವಣಿಯ ಹೆಗಲುಗಳ ಮೇಲೆ, ಕೆಳಗಿನಿಂದ ಯಾರಿಗೂ ಕಾಣದಂತೆ, ಶತಮಾನಗಳ ದುರಸ್ತಿಯಲ್ಲಿ ಉಳಿದ ಒಡೆದ ಹಂಚು ಮತ್ತು ಸಡಿಲ ಕಸದ ರಾಶಿ ಸೇರಿತ್ತು. ನಡುಕ ಬಂದಾಗ ಆ ರಾಶಿ ಅತ್ತಿತ್ತ ಸರಿದು ಛಾವಣಿಯನ್ನು ಒಂದೇ ಬದಿಯಿಂದ ಒತ್ತಿ ಕೆಡವಿತೆಂದು ಪರಿಶೀಲಿಸಿದ ತಜ್ಞರು ಕಂಡುಕೊಂಡರು. ದುರಸ್ತಿಯ ಸಮಯದಲ್ಲಿ ಆ ರಾಶಿಯನ್ನು ತೆಗೆದರು. 1999ರಲ್ಲಿ ದೇವಾಲಯ ಮತ್ತೆ ತೆರೆಯಿತು. ಹಂಚು ಬದಲಾಯಿಸುವಾಗ ಒಡೆದ ತುಂಡುಗಳನ್ನು ಕೆಳಗಿಳಿಸುವ ಶ್ರಮವೇಕೆಂದು ಮೇಲೆಯೇ ಬಿಡುವ ಅಭ್ಯಾಸ ನಮ್ಮಲ್ಲಿಯೂ ಇಲ್ಲವೇ?

ಈಗ ನಮ್ಮ ದೇವಾಲಯಕ್ಕೆ ಹಿಂತಿರುಗೋಣ. ನಮ್ಮ ಕಮಾನು ಬಿರಿದಿದೆ. ಅಂದರೆ ಅದರ ಆಸರೆಗಳಲ್ಲಿ ಒಂದು ಎಂದೋ ಒಂದಿಷ್ಟು ಸರಿದಿರುವ ಸಂಭವವಿದೆ. ಎಂದು ಸರಿಯಿತು, ಇನ್ನೂ ಸರಿಯುತ್ತಿದೆಯೇ ಎಂಬುದೇ ಪ್ರಶ್ನೆ. ಇದಕ್ಕೆ ಬೆಲೆಬಾಳುವ ಯಂತ್ರ ಬೇಕಾಗಿಲ್ಲ. ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡು ತುದಿಗಳಲ್ಲಿ ಗಾರೆಯಿಂದ ಭದ್ರವಾಗಿ ಕೂರಿಸಿ, ತಾರೀಕು ಬರೆದಿಡಬೇಕು. ಬಿರುಕು ಅಲುಗಿದರೆ ಗಾಜು ಒಡೆಯುತ್ತದೆ. ಒಂದು ಬೇಸಗೆ, ಒಂದು ಮಳೆಗಾಲ, ಎರಡನ್ನೂ ಕಾಣುವವರೆಗೆ ಪ್ರತಿ ತಿಂಗಳೂ ನೋಡಿ ಪುಸ್ತಕದಲ್ಲಿ ಗುರುತು ಹಾಕಬೇಕು. ಗೋಡೆಯ ನೆತ್ತಿಯಿಂದ ತೂಗುಗುಂಡು ಇಳಿಬಿಟ್ಟು ಎಷ್ಟು ವಾಲಿದೆ ಎಂಬುದನ್ನೂ ಬರೆದಿಡಬೇಕು. ನಮ್ಮ ಯುವಜನರು ಮನಸ್ಸು ಮಾಡಿದರೆ ಇದು ಅವರಿಂದ ಖಂಡಿತ ಸಾಧ್ಯ.

ಇದರ ಜೊತೆಗೆ, ಬಿರುಕನ್ನು ನೋಡುವ ಕಣ್ಣು ಒಮ್ಮೆ ನೆಲವನ್ನೂ ನೋಡಲಿ. ಕಮಾನಿನ ಬಲಬದಿಯ ಆಸರೆಯ ಹೊರಗೆ ಮಾಡಿನ ದೋಣಿ ತೂತಾಗಿ, ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾದ ನಮ್ಮ ಮಳೆಯ ನೀರು ನೇರವಾಗಿ ಪಂಚಾಂಗದ ಬುಡಕ್ಕೆ ಸುರಿಯುತ್ತಿರುವುದನ್ನು ಮೊನ್ನೆ ಕಂಡೆವು. ಒದ್ದೆಯಾದ ಮಣ್ಣು ಭಾರಕ್ಕೆ ಕುಸಿಯುತ್ತದೆ. ನೀರು ಕುಡಿದ ಮುರಕಲ್ಲು ತನ್ನ ಬಲದಲ್ಲಿ ಒಂದು ಪಾಲನ್ನು ಕಳೆದುಕೊಳ್ಳುತ್ತದೆ. ನೀರು ಬುಡಕ್ಕೆ ಬೀಳದಂತೆ ಮಾಡುವುದು ಈ ಮಳೆಗಾಲಕ್ಕೆ ಮುಂಚೆ ಆಗಲೇಬೇಕಾದ ಕೆಲಸ. ಗೋಡೆಯ ಸಂದಿನಲ್ಲಿ ಬೇರುಬಿಟ್ಟಿರುವ ಅಶ್ವತ್ಥದ ಗಿಡವನ್ನೂ ಇನ್ನು ಬೆಳೆಯಗೊಡಬಾರದು. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಕಲ್ಲನ್ನೇ ತಿನ್ನುತ್ತದೆಂಬುದನ್ನು ನೆನಪಿಡಬೇಕು. ಅಡ್ಡತೊಲೆಗಳನ್ನೂ ಕಬ್ಬಿಣದ ಸರಳುಗಳನ್ನೂ ಅಂದಕ್ಕಾಗಿ ಯಾರೂ ಮುಟ್ಟಕೂಡದು. ಅಟ್ಟಕ್ಕೋ ಗೋಪುರಕ್ಕೋ ಹೊಸ ಭಾರವನ್ನು ಏರಿಸುವ ಮುನ್ನ ಹಳೆಯ ಕಲ್ಲುಕಟ್ಟಡಗಳನ್ನು ಬಲ್ಲ ಎಂಜಿನಿಯರರನ್ನು ಕೇಳಬೇಕು.

ಕಾಂಕ್ರೀಟನ್ನು ನಾವು ಅಲ್ಲಗಳೆಯುತ್ತಿಲ್ಲ. ಕಲ್ಲಿಗೆ ಇಲ್ಲದ ಎಳೆತದ ಬಲವನ್ನು ಒಳಗಿನ ಉಕ್ಕಿನ ಸರಳುಗಳಿಂದ ಅದು ಪಡೆದಿದೆ. ಆದರೆ ಕಡಲ ಗಾಳಿಯ ಉಪ್ಪು ಆ ಸರಳನ್ನು ಮುಟ್ಟಿದರೆ ಅದು ತುಕ್ಕು ಹಿಡಿಯುತ್ತದೆ. ತುಕ್ಕು ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗವನ್ನು ಬೇಡಿ ಕಾಂಕ್ರೀಟನ್ನು ಒಳಗಿನಿಂದಲೇ ಸಿಡಿಸುತ್ತದೆ. ಆರೈಕೆಯಿಲ್ಲದೆ ನಿಲ್ಲುವ ಕಟ್ಟಡವನ್ನು ಯಾವ ಯುಗವೂ ಕಂಡುಹಿಡಿದಿಲ್ಲ. ನಮ್ಮ ಪರೀಕ್ಷೆ ಮುಗಿದ ಮೇಲೆ, ಬಿರುಕು ನಿಜವಾಗಿಯೂ ಬೆಳೆಯುತ್ತಿದೆ, ದುರಸ್ತಿಯಿಂದ ಫಲವಿಲ್ಲ ಎಂದು ಬಲ್ಲವರು ಹೇಳಿದರೆ, ಕೆಡವುವ ಮಾತಿಗೆ ನಾವೂ ಕೈಯೆತ್ತುತ್ತೇವೆ. ಕಲ್ಲಿನ ಮೇಲಿನ ಮಮತೆ ಮಕ್ಕಳ ಪ್ರಾಣಕ್ಕಿಂತ ದೊಡ್ಡದಲ್ಲ. ಅಲ್ಲಿಯವರೆಗೆ ಅಳೆಯದೆ ಕೆಡವುವುದೂ ಬೇಡ, ಅಳೆಯದೆ ಮುಚ್ಚುವುದೂ ಬೇಡ.

ನೂರು ವರ್ಷಗಳ ಹಿಂದೆ ನಮ್ಮ ಅಜ್ಜಂದಿರು ಮುರಕಲ್ಲನ್ನು ತಲೆಯ ಮೇಲೆ ಹೊತ್ತು ಈ ಗುಡ್ಡ ಹತ್ತಿದರು. ಅವರು ಹೊತ್ತ ಭಾರವನ್ನು ಅಂದಿನಿಂದ ಇಂದಿನವರೆಗೆ ಈ ಗೋಡೆಗಳು ಹೊತ್ತಿವೆ. ಗೋಡೆಗಳಿಗೆ ಮಾತು ಬರುವುದಿಲ್ಲ. ಅವುಗಳಿಗೆ ಬರುವ ಲಿಪಿ ಬಿರುಕೊಂದೇ. ಅದನ್ನು ಓದುವಷ್ಟು ತಾಳ್ಮೆಯನ್ನು ನಾವು ತೋರಿಸೋಣ. ಬರುವ ಭಾನುವಾರ ಬಲಿಪೂಜೆಯ ನಂತರ ಗಾಜಿನ ಮೊದಲ ಪಟ್ಟಿಯನ್ನು ಕೂರಿಸಲು ಪೂಜ್ಯ ಗುರುಗಳು ದೊಡ್ಡ ಮನಸ್ಸಿನಿಂದ ಅನುಮತಿ ಇತ್ತಿದ್ದಾರೆ. ಏಣಿ ಹಿಡಿಯಲು ನಾಲ್ಕು ಮಂದಿ ಬೇಕು. ಕೆಡವೋಣವೆಂದವರಿಂದ ಇಬ್ಬರು, ಬಣ್ಣ ಬಳಿಯೋಣವೆಂದವರಿಂದ ಇಬ್ಬರು ಬಂದರೆ ನಮಗೆ ಹೆಚ್ಚಿನ ಸಂತೋಷ.